ಲೋಲಕದ ಸೂತ್ರವನ್ನು ಸರಳರೇಖೆಗೆ ತರುವ ಬಗ್ಗೆ

ಚಿರಂಜೀವಿ ಸುಹಾಸನಿಗೆ ದೊಡ್ಡಪ್ಪನ ಆಶೀರ್ವಾದಗಳು.

ನೀನು ಕಳುಹಿಸಿದ ಸರಳ ಲೋಲಕದ ಕೋಷ್ಟಕವನ್ನು ನೋಡಿದೆ. ಪ್ರತಿ ಉದ್ದಕ್ಕೂ ಜಿ, ಅಂದರೆ ಗುರುತ್ವ ವೇಗೋತ್ಕರ್ಷದ, ಬೆಲೆಯನ್ನು ಬೇರೆ ಬೇರೆಯಾಗಿ ಲೆಕ್ಕ ಹಾಕಿ, ಕೊನೆಗೆ ಸರಾಸರಿ ತೆಗೆದಿದ್ದೀಯೆ. ಪರೀಕ್ಷಕರು ಇದನ್ನು ಒಪ್ಪಿಯಾರು, ನಾನು ಮಾತ್ರ ಒಪ್ಪಲಾರೆ.

ಟಿ = 2ಪೈ√(ಎಲ್/ಜಿ) ಎಂಬ ಸೂತ್ರವನ್ನು ಇದ್ದಂತೆಯೇ ಇಟ್ಟುಕೊಂಡು ಉದ್ದಕ್ಕೆ (ಎಲ್) ಎದುರಾಗಿ ಆವರ್ತಕಾಲವನ್ನು (ಟಿ, ಒಂದು ಪೂರ್ಣ ತೂಗಾಟದ ಸಮಯ) ನಕ್ಷೆಯಲ್ಲಿ ಗುರುತಿಸಿದರೆ ಬಾಗಿದ ಗೆರೆ ಬರುತ್ತದೆ; ಅದು ಬಾಗಬೇಕಾದಷ್ಟೇ ಬಾಗಿದೆಯೇ ಎಂದು ಕಣ್ಣಳತೆಯಿಂದ ತಿಳಿಯದು. ಎರಡೂ ಬದಿಗಳನ್ನು ವರ್ಗ ಮಾಡಿದರೆ ಟಿ² = (4ಪೈ²/ಜಿ)ಎಲ್ ಆಗುತ್ತದೆ. ಇದನ್ನು ವೈ = ಎಂ ಎಕ್ಸ್ + ಸಿ ಸಮೀಕರಣದ ಪಕ್ಕದಲ್ಲಿಟ್ಟು ನೋಡು: ಟಿ² ವೈ ಅಕ್ಷಕ್ಕೆ, ಎಲ್ ಎಕ್ಸ್ ಅಕ್ಷಕ್ಕೆ, 4ಪೈ²/ಜಿ ಎಂಬುದೇ ಇಳಿಜಾರು. ಅದು ಮೀಟರಿಗೆ ಸುಮಾರು 4.03 ಸೆಕೆಂಡ್ ವರ್ಗದಷ್ಟು ಬರಬೇಕು, 39.48ನ್ನು ಅದರಿಂದ ಭಾಗಿಸಿದರೆ ಜಿ ದೊರೆಯುತ್ತದೆ.

ಈಗ ನಿನ್ನ ಅಂಕಿಗಳಿಗೆ ಬರೋಣ. ಜಿ ಬೆಲೆ 25 ಸೆಂ.ಮೀ.ಗೆ 9.4, 1 ಮೀಟರಿಗೆ 9.7 ಬಂದಿದೆ, ನಡುವಿನವೂ ಕ್ರಮವಾಗಿ ಏರುತ್ತಾ ಹೋಗಿವೆ. ಗಡಿಯಾರವನ್ನು ಒತ್ತುವಾಗಿನ ಕೈತಪ್ಪು ಹೀಗೆ ಒಂದೇ ದಿಕ್ಕಿಗೆ ಸಾಗುವುದಿಲ್ಲ. ಗುಂಡಿನ ವ್ಯಾಸ 2 ಸೆಂ.ಮೀ. ಎಂದು ಬರೆದುಕೊಂಡಿದ್ದರೂ ಅದರ ತ್ರಿಜ್ಯವನ್ನು ದಾರದ ಉದ್ದಕ್ಕೆ ಕೂಡಿಸಿಲ್ಲವೆಂದು ತೋರುತ್ತದೆ. ಎಲ್ಲ ಉದ್ದಗಳಲ್ಲಿಯೂ 1 ಸೆಂ.ಮೀ. ಕಡಿಮೆಯಾದರೆ ಗಿಡ್ಡ ಲೋಲಕಕ್ಕೆ ಪೆಟ್ಟು ಹೆಚ್ಚು, ಉದ್ದದ್ದಕ್ಕೆ ಕಡಿಮೆ; ಸರಾಸರಿ ಈ ತಪ್ಪನ್ನು ನುಂಗಿಕೊಂಡು ಜಿ ಬೆಲೆಯನ್ನೇ ಕೆಳಗೆಳೆಯುತ್ತದೆ. ನಕ್ಷೆಯಲ್ಲಾದರೋ ಇಡೀ ಗೆರೆ ಪಕ್ಕಕ್ಕೆ ಸರಿಯುತ್ತದೆಯೇ ಹೊರತು ಇಳಿಜಾರು ಬದಲಾಗುವುದಿಲ್ಲ. ಗೆರೆಯನ್ನು ಹಿಂದಕ್ಕೆ ಎಳೆದರೆ ಅದು ಎಕ್ಸ್ ಅಕ್ಷವನ್ನು ಸೊನ್ನೆಗಿಂತ 1 ಸೆಂ.ಮೀ. ಎಡಕ್ಕೆ ಮುಟ್ಟಿ, ಬಿಟ್ಟುಹೋದ ತ್ರಿಜ್ಯವನ್ನು ತಾನೇ ತೋರಿಸುತ್ತದೆ. ಆದ್ದರಿಂದ ಸೂತ್ರದಲ್ಲಿ ಸಿ (ಗೆರೆ ವೈ ಅಕ್ಷವನ್ನು ಮುಟ್ಟುವ ಬೆಲೆ) ಇಲ್ಲವೆಂಬ ಕಾರಣಕ್ಕೆ ಗೆರೆಯನ್ನು ಬಲವಂತವಾಗಿ ಮೂಲಬಿಂದುವಿನ ಮೂಲಕ ಹಾಯಿಸಬೇಡ.

√ಎಲ್‌ಗೆ ಎದುರಾಗಿ ಟಿ ಗುರುತಿಸಿದರೂ ಸರಳರೇಖೆಯೇ ಬರುತ್ತದಲ್ಲವೇ ಎಂದು ನೀನು ಕೇಳಬಹುದು. ಅಳತೆ ಶುದ್ಧವಾಗಿದ್ದರೆ ಬರುತ್ತದೆ. ಉದ್ದದಲ್ಲಿ ಇಂಥ ಕೊರತೆಯಿದ್ದರೆ ಆ ಗೆರೆ ತುಸು ಬಾಗುತ್ತದೆ, ಇಳಿಜಾರೂ ಕೆಡುತ್ತದೆ. ಎರಡರಲ್ಲಿ ನನ್ನ ಮತ ಟಿ²ಗೇ.

ಇಳಿಜಾರನ್ನು ತೆಗೆಯುವಾಗ ಕೋಷ್ಟಕದ ಬಿಂದುಗಳನ್ನು ಬಳಸದೆ, ಗೆರೆಯ ಮೇಲೆಯೇ ದೂರದೂರದ ಎರಡು ಬಿಂದುಗಳನ್ನು ಆರಿಸಿಕೋ. ಗುಂಡನ್ನು ಹೆಚ್ಚು ಎಳೆದು ಬಿಡಬೇಡ: 20 ಡಿಗ್ರಿಯಷ್ಟು ಎಳೆದರೆ ಆವರ್ತಕಾಲ ಶೇ. 0.8ರಷ್ಟು ಹಿಗ್ಗುತ್ತದೆ, ಆ ತಪ್ಪು ನೇರವಾಗಿ ಇಳಿಜಾರಿಗೇ ಸೇರುತ್ತದೆ. ಪ್ರಯೋಗವನ್ನು ಮತ್ತೆ ಮಾಡಬೇಕಾಗಿಲ್ಲ. ಇದೇ ಅಂಕಿಗಳಿಂದ ನಕ್ಷೆ ಬರೆದು ನನಗೆ ಕಳುಹಿಸು.

ಇತಿ,
ನಿನ್ನ ದೊಡ್ಡಪ್ಪ