ಓಡುವಾಗ ಬೋರಾಗುತ್ತೆ ಎಂದ ಪುಟ್ಟನಿಗೆ

ಮೈಸೂರು
ಫೆಬ್ರವರಿ, ಭಾನುವಾರ ಸಂಜೆ

ಚಿ. ಪುಟ್ಟನಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಾವಿಬ್ಬರೂ ಚೆನ್ನಾಗಿದ್ದೇವೆ. ನಿನ್ನ ದೊಡ್ಡಪ್ಪನ ಮಂಡಿ ನೋವು ಈಗ ಎಷ್ಟೋ ವಾಸಿ. ಮೊನ್ನೆ ಫೋನಿನಲ್ಲಿ ನೀನು ಹೇಳಿದ ಮಾತು ಮನಸ್ಸಿನಲ್ಲೇ ಉಳಿದಿದೆ. "ಕಾಲು ನೋಯಲ್ಲ ದೊಡ್ಡಮ್ಮ, ಆದ್ರೆ ಎರಡು ಕಿಲೋಮೀಟರ್ ಆಗೋಷ್ಟರಲ್ಲಿ ತುಂಬಾ ಬೋರಾಗುತ್ತೆ, ಮನೆಗೆ ವಾಪಸ್ ಹೋಗೋಣ ಅನ್ಸುತ್ತೆ" ಅಂದೆ. ಬೆಂಗಳೂರಿನ ಹತ್ತು ಕಿಲೋಮೀಟರ್ ಓಟ ವರ್ಲ್ಡ್ ಟೆನ್ ಕೆಗೆ ಹೆಸರು ಕೊಟ್ಟಾಗಿದೆ, ಬಿಟ್ಟುಬಿಡಲಾ ಅಂತಲೂ ಕೇಳಿದೆ. ನಿನ್ನ ಆಫೀಸಿನ ಮೀಟಿಂಗ್ ಶುರುವಾಯಿತು, ಮಾತು ಅಲ್ಲಿಗೇ ನಿಂತಿತು. ಅದಕ್ಕೇ ಈ ಪತ್ರ.

ಬಿಡಬೇಡ. ಬೋರಾಗುವುದು ನಿನ್ನ ಸೋಮಾರಿತನ ಅಲ್ಲ. ನೀನು ಓಡುತ್ತಿರುವ ರೀತಿಯೇ ಹಾಗಿದೆ. ನೀನು ಕಳಿಸಿದ್ದ ವಾಚಿನ ಫೋಟೋಗಳನ್ನೆಲ್ಲ ನೋಡಿದೆ. ದಿನಾ ಐದು ಕಿಲೋಮೀಟರ್. ದಿನಾ ಅಪಾರ್ಟ್‌ಮೆಂಟಿನ ಒಳಗೇ ಸುತ್ತು. ದಿನಾ ಹೆಚ್ಚುಕಡಿಮೆ ಒಂದೇ ವೇಗ. ಅದರಲ್ಲೂ ನಿನ್ನೆಗಿಂತ ಕೆಲವು ಸೆಕೆಂಡಾದರೂ ಬೇಗ ಮುಗಿಸಬೇಕು ಅನ್ನುವ ಹಟ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಉಪ್ಪಿಟ್ಟೇ ಬಡಿಸಿದರೆ ನೀನು ತಿನ್ನುತ್ತೀಯಾ?

ಆ ವೇಗದ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು, ಯಾಕೆಂದರೆ ತೊಂದರೆಯ ಬೇರು ಅಲ್ಲೇ ಇದೆ. ಸುತ್ತಮುತ್ತ ನೋಡಿಕೊಂಡು ಆರಾಮವಾಗಿ ಓಡಲು ಅದು ಜಾಸ್ತಿಯಾಯಿತು. ಜೋರಾಗಿ ಓಡಿದ ಖುಷಿ ಸಿಗಲು ಸಾಲದು. ಎರಡರ ನಡುವೆ ಸಿಕ್ಕಿಕೊಂಡಿದ್ದೀಯ. ಏದುಸಿರು ಬಿಡುತ್ತಿರುವವನಿಗೆ ಮರ ಕಾಣುವುದಿಲ್ಲ, ಹಕ್ಕಿ ಕೂಗಿದ್ದು ಕೇಳುವುದಿಲ್ಲ. ಕಣ್ಣಿಗೆ ಬೀಳುವುದು ವಾಚು ಒಂದೇ. ಅದನ್ನು ಎಷ್ಟು ಹೊತ್ತು ಅಂತ ನೋಡುವುದು? ಹೊಸ ಇಯರ್‌ಫೋನ್ ತಗೊಂಡಿದ್ದೀಯ, ಸರಿ. ಆದರೆ ಕಿವಿಗೆ ಏನು ತುಂಬಬೇಕು ಅಂತ ಯೋಚಿಸುವ ಮುಂಚೆ ಓಟವನ್ನೇ ಬದಲಿಸು.

ವಾರಕ್ಕೆ ನಾಲ್ಕು ದಿನ ಸಾಕು. ಅದರಲ್ಲಿ ಎರಡು ದಿನ ನಿಧಾನ. ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗಬೇಕು, ಅಷ್ಟು ನಿಧಾನ. ಒಬ್ಬನೇ ಇದ್ದರೆ ನಿನಗೆ ಬಾಯಿಗೆ ಬರುವ ಒಂದು ವಚನವನ್ನು ಜೋರಾಗಿ ಹೇಳಿ ನೋಡು. ಸಾಲಿನ ನಡುವೆ ಉಸಿರು ತುಂಡಾದರೆ ವೇಗ ಇಳಿಸು. ಇಷ್ಟು ನಿಧಾನ ಓಡಿದರೆ ಜನ ಏನಂದುಕೊಳ್ಳುತ್ತಾರೆ ಅಂತ ನಾಚಿಕೆ ಬೇಡ. ದಮ್ಮು ಬೆಳೆಯುವುದು ಬಹುಪಾಲು ಈ ನಿಧಾನದ ಓಟದಲ್ಲೇ. ದೊಡ್ಡ ದೊಡ್ಡ ಓಟಗಾರರೂ ತಮ್ಮ ಹೆಚ್ಚಿನ ಕಿಲೋಮೀಟರುಗಳನ್ನು ಆರಾಮವಾಗಿಯೇ ಓಡುತ್ತಾರೆ.

ಇನ್ನೊಂದು ದಿನ ಆಟದ ಓಟ. ಸ್ವೀಡನ್ನಿನಲ್ಲಿ ಗೋಸ್ಟಾ ಹೋಲ್ಮೆರ್ ಅನ್ನುವ ಕೋಚ್ ಇದ್ದರು. ಆಗ ಆ ದೇಶದವರು ಫಿನ್ಲೆಂಡಿನ ಓಟಗಾರರ ಮುಂದೆ ಸೋಲುತ್ತಿದ್ದ ಕಾಲ. 1930ರ ದಶಕದಲ್ಲಿ ಅವರು ಫಾರ್ಟ್‌ಲೆಕ್ ಅನ್ನುವ ಪದ್ಧತಿ ತಂದರು. ಟ್ರ್ಯಾಕಿನ ಸುತ್ತುಗಳ ಲೆಕ್ಕ ಇಲ್ಲ. ದಾರಿಯಲ್ಲೇ ಒಮ್ಮೆ ಜೋರು, ಒಮ್ಮೆ ನಿಧಾನ. ನಿನಗೆ ಕಾಡುದಾರಿ ಬೇಕಿಲ್ಲ, ಲೈಟು ಕಂಬ ಸಾಕು. ಎರಡು ಕಂಬ ಜೋರಾಗಿ ಓಡು, ಮೂರು ಕಂಬ ಸುಧಾರಿಸಿಕೊ. ಅದೂ ಬೇಸರವಾದರೆ ನಿಯಮ ಬದಲಿಸು. ಕೆಂಪು ಸ್ಕೂಟರ್ ಎದುರಿಗೆ ಬಂದರೆ ಮುಂದಿನ ಮರದವರೆಗೆ ಓಟ. ಹಾಲಿನ ಗಾಡಿ ಕಂಡರೆ ಮೂಲೆ ತಿರುಗುವವರೆಗೆ ಓಟ. ಚಿಕ್ಕವನಿದ್ದಾಗ ಸಾಗರದ ಮನೆ ಅಂಗಳದಲ್ಲಿ ನೀನೂ ನಿನ್ನ ತಂಗಿಯೂ ಇಂಥದ್ದೇ ನಿಯಮ ಮಾಡಿಕೊಂಡು ಕತ್ತಲಾಗುವವರೆಗೆ ಓಡುತ್ತಿದ್ದಿರಿ. ಬೋರು ಅಂದ ನೆನಪು ನನಗಿಲ್ಲ.

ನಾಲ್ಕನೇ ದಿನ ಉದ್ದದ ಓಟ. ಇದು ಮಾತ್ರ ಗೇಟಿನ ಹೊರಗೇ ಆಗಬೇಕು. ನೀನಿರುವ ಊರು ಎಂಥದು ಗೊತ್ತಾ? ಲಾಲ್‌ಬಾಗನ್ನು ನೋಡಿಕೊಳ್ಳುತ್ತಿದ್ದ ಜರ್ಮನಿಯ ಕೃಂಬಿಗಲ್ ಅವರು, ಒಂದು ಮರದ ಹೂ ಮುಗಿಯುವಷ್ಟರಲ್ಲಿ ಇನ್ನೊಂದು ಅರಳಬೇಕು ಅಂತ ಲೆಕ್ಕ ಹಾಕಿ ಬೆಂಗಳೂರಿನ ಬೀದಿಗಳಿಗೆ ಮರ ಆರಿಸಿದವರು. ನೂರು ವರ್ಷದ ಹಿಂದಿನ ಆ ಯೋಚನೆ ಇವತ್ತು ನಿನ್ನಂಥ ಓಟಗಾರನಿಗೆ ಸಿಕ್ಕ ಭಾಗ್ಯ. ಈಗ ಫೆಬ್ರವರಿಯಲ್ಲಿ ಗುಲಾಬಿ ಬಣ್ಣದ ಟಬೆಬುಯಾ ಇರುತ್ತದೆ. ಹಳದಿ ಟಬೆಬುಯಾವೂ ಶುರುವಾಗುತ್ತದೆ. ಮಾರ್ಚಿನಲ್ಲಿ ನೇರಳೆ ಜಕರಂಡ. ಹೊಂಗೆ ಚಿಗುರುವುದೂ ಆಗಲೇ. ನಿನ್ನ ರೇಸಿನ ಹೊತ್ತಿಗೆ ಗುಲ್‌ಮೊಹರ್ ಕೆಂಪಾಗಿರುತ್ತದೆ. ಮಳೆಗಾಲ ಮುಗಿದ ಮೇಲೆ ಆಕಾಶಮಲ್ಲಿಗೆ. ಬೆಳಗಿನ ಜಾವ ಹೋದರೆ ರಸ್ತೆಯ ಮೇಲೆಲ್ಲ ಬಿಳಿ ಹೂ ಬಿದ್ದಿರುತ್ತದೆ, ಎರಡು ಮರ ಆಚೆಯಿಂದಲೇ ಪರಿಮಳ ಬರುತ್ತದೆ.

ಪ್ರತಿ ಭಾನುವಾರ ಒಂದು ಹೊಸ ಹೂವಿನ ಬೀದಿ ಹುಡುಕಿಕೊಂಡು ಓಡು. ಮನೆಗೆ ಬಂದು ಒಂದು ಪುಸ್ತಕದಲ್ಲಿ ಬರೆದಿಡು. ಯಾವ ಬೀದಿ, ಯಾವ ಮರ, ಎಷ್ಟು ಅರಳಿತ್ತು, ಅಷ್ಟೇ. ಮುಂದಿನ ಭಾನುವಾರ ಎಲ್ಲಿಗೆ ಅನ್ನುವ ಕುತೂಹಲ ವಾರದ ನಡುವೆಯೇ ಶುರುವಾಗುತ್ತದೆ. ಕಬ್ಬನ್ ಪಾರ್ಕಿನ ಒಳಗೆ ಭಾನುವಾರ ವಾಹನ ಬಿಡುವುದಿಲ್ಲ. ಬಿದಿರು ಮೆಳೆಗಳ ಪಕ್ಕದಿಂದ ಹೋಗಿ, ಕೇಂದ್ರ ಗ್ರಂಥಾಲಯದ ಕೆಂಪು ಕಟ್ಟಡ ಸುತ್ತಿ, ಅಠಾರಾ ಕಚೇರಿಯ ಕಡೆಗೆ ಬಂದರೆ ಒಂದೊಂದು ತಿರುವಿಗೂ ಬೇರೆ ನೋಟ. ಒಮ್ಮೆ ಲಾಲ್‌ಬಾಗಿಗೂ ಹೋಗು. ಕೆಂಪೇಗೌಡರ ಗೋಪುರ ಇರುವ ಆ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಅದನ್ನು ನಿಧಾನವಾಗಿ ಹತ್ತಿ, ಮೇಲೆ ನಿಂತು ಉಸಿರು ಎಳೆದುಕೊಂಡು ಊರನ್ನು ಒಮ್ಮೆ ನೋಡು. ಆ ಒಂದು ನಿಮಿಷ ವಾಚು ನಿಲ್ಲಿಸು, ಏನೂ ನಷ್ಟವಿಲ್ಲ.

ದಿನಾ ಹೊರಗೆ ಹೋಗಲು ಆಗಲ್ಲ ಅನ್ನುತ್ತೀಯ, ಗೊತ್ತು. ವಾರದ ದಿನಗಳಲ್ಲಿ ಅಪಾರ್ಟ್‌ಮೆಂಟಿನ ಸುತ್ತೇ ಗತಿ. ಅದಕ್ಕೆ ಒಂದು ವಿಷಯ ಹೇಳುತ್ತೇನೆ ಕೇಳು. ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಶ್ರೀ ಚಿನ್ಮಯ್ ಅವರು ಶುರುಮಾಡಿದ ಒಂದು ಓಟ ಇದೆ. 1997ರಿಂದ ಅದರ ದೂರ 3,100 ಮೈಲಿ. ಅಂದರೆ ಹತ್ತಿರ ಹತ್ತಿರ ಐದು ಸಾವಿರ ಕಿಲೋಮೀಟರ್. ಅಷ್ಟನ್ನೂ ಓಡುವುದು ಒಂದೇ ಬ್ಲಾಕಿನ ಸುತ್ತ, ಊರ ನಡುವಿನ ಕಾಂಕ್ರೀಟ್ ಫುಟ್‌ಪಾತಿನ ಮೇಲೆ. ಒಂದು ಸುತ್ತು ಒಂದು ಕಿಲೋಮೀಟರೂ ಇಲ್ಲ. 52 ದಿನದಲ್ಲಿ 5,649 ಸುತ್ತು ಮುಗಿಸಬೇಕು. ಬೆಳಿಗ್ಗೆ ಆರಕ್ಕೆ ಶುರು, ನಡುರಾತ್ರಿ ಹನ್ನೆರಡರವರೆಗೆ ದಾರಿ ತೆರೆದಿರುತ್ತದೆ. ಅಲ್ಲಿ ದಿನ ಬಿಟ್ಟು ದಿನ ಸುತ್ತುವ ದಿಕ್ಕು ಬದಲಿಸುತ್ತಾರೆ. ಒಂದು ದಿನ ಬಲಸುತ್ತು, ಮಾರನೇ ದಿನ ಎಡಸುತ್ತು. ಕಾಲಿನ ಒಂದೇ ಬದಿಗೆ ಭಾರ ಬೀಳುವುದೂ ತಪ್ಪುತ್ತದೆ, ಕಣ್ಣಿಗೂ ಬದಲಾವಣೆ. ನೀನೂ ನಾಳೆ ತಿರುಗಿ ಓಡಿ ನೋಡು. ನಿಮ್ಮ ಕಾಂಪೌಂಡೇ ಬೇರೆಯಾಗಿ ಕಾಣುತ್ತದೆ.

ಎಣಿಸುವುದೂ ಒಳ್ಳೆಯ ಉಪಾಯ. ಪೌಲಾ ರ‍್ಯಾಡ್‌ಕ್ಲಿಫ್ 2003ರಲ್ಲಿ ಲಂಡನ್ ಮ್ಯಾರಥಾನನ್ನು 2 ಗಂಟೆ 15 ನಿಮಿಷ 25 ಸೆಕೆಂಡಿನಲ್ಲಿ ಓಡಿದರು. ಹದಿನಾರು ವರ್ಷ ಆ ದಾಖಲೆಯನ್ನು ಯಾವ ಹೆಂಗಸೂ ಮುರಿಯಲಿಲ್ಲ. ಕಷ್ಟವಾದಾಗ ಅವರು ಹೆಜ್ಜೆ ಎಣಿಸುತ್ತಿದ್ದರು. ಮೂರು ಸಲ ನೂರು ಎಣಿಸಿದರೆ ಸುಮಾರು ಒಂದು ಮೈಲಿ ಅಂತ ಅವರ ಲೆಕ್ಕ. ಇನ್ನೆಷ್ಟು ದೂರ ಇದೆ ಅನ್ನುವ ಯೋಚನೆಗೆ ಜಾಗವೇ ಇರುವುದಿಲ್ಲ ಆಗ. ಮನಸ್ಸಿಗೆ ಈ ಒಂದು ನೂರು ಮಾತ್ರ. ನಾನೂ ಕುಕ್ಕರಹಳ್ಳಿ ಕೆರೆಯ ದಂಡೆಯಲ್ಲಿ ಕಾಲು ಭಾರವಾದಾಗ ಹೀಗೇ ಮಾಡುತ್ತೇನೆ.

ಇನ್ನು ಹಾಡು. ಹಾಡು ಬೇಡ ಅಂತ ನಾನು ಹೇಳುವುದಿಲ್ಲ. ಬ್ರೂನೆಲ್ ವಿಶ್ವವಿದ್ಯಾಲಯದ ಕೋಸ್ಟಾಸ್ ಕರಗಿಯೋರ್ಗಿಸ್ ವ್ಯಾಯಾಮಕ್ಕೂ ಸಂಗೀತಕ್ಕೂ ಇರುವ ನಂಟನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದವರು. ನಿಧಾನ ಅಥವಾ ಹದವಾದ ವೇಗದಲ್ಲಿ ಓಡುವಾಗ ಹಾಡು ಕೇಳಿದರೆ ಶ್ರಮ ಕಡಿಮೆ ಅನ್ನಿಸುತ್ತದೆ. ಮೈಯೆಲ್ಲ ಹಿಂಡುವಂಥ ವೇಗಕ್ಕೆ ಹೋದರೆ ಹಾಡಿಗೆ ಅಷ್ಟು ಬಲ ಇಲ್ಲ, ಆಗ ಉಸಿರಿನ ಸದ್ದೇ ಗೆಲ್ಲುತ್ತದೆ. ಹಾಗಾಗಿ ಆಟದ ಓಟದ ದಿನ ಇಯರ್‌ಫೋನ್ ಮನೆಯಲ್ಲಿರಲಿ. ನಿಧಾನದ ದಿನ ಹಾಕಿಕೊ. ಮೊದಲ ಹೆಜ್ಜೆಯಿಂದಲೇ ಹಾಡು ಬೇಡ, ಅರ್ಧ ದಾರಿ ಆದ ಮೇಲೆ ಶುರುಮಾಡು. ಆಗ ಅದಕ್ಕೆ ಕಾಯುವ ಖುಷಿ ಇರುತ್ತದೆ.

ಹಾಡಿಗಿಂತ ನನಗೆ ಇಷ್ಟ ತಾಳಮದ್ದಲೆ. ನಗಬೇಡ, ಕೇಳು. ಕರ್ಣನೂ ಶಲ್ಯನೂ ಎದುರುಬದುರು ಕೂತು ವಾದ ಮಾಡುತ್ತಾರಲ್ಲ, ಅದರ ಮುಂದೆ ಸಿನಿಮಾ ಹಾಡು ಮೂರು ನಿಮಿಷಕ್ಕೆ ಮುಗಿದುಹೋಗುತ್ತದೆ. ಅರ್ಥಧಾರಿ ಒಂದು ಪ್ರಶ್ನೆ ಎಸೆದರೆ ಎದುರಾಳಿ ಏನು ಉತ್ತರ ಕೊಡುತ್ತಾನೆ ಅಂತ ಕಾಯುತ್ತಾ ಕಾಯುತ್ತಾ ಎರಡು ಕಿಲೋಮೀಟರ್ ಕಳೆದದ್ದೇ ಗೊತ್ತಾಗುವುದಿಲ್ಲ. ಯೂಟ್ಯೂಬಿನಲ್ಲಿ ಬೇಕಾದಷ್ಟಿವೆ. ನಿನ್ನ ಅಜ್ಜ ರಾತ್ರಿಯಿಡೀ ಕೂತು ಕೇಳುತ್ತಿದ್ದ ಪ್ರಸಂಗಗಳೇ ಸಿಗಬಹುದು. ಒಂದು ನಿಯಮ ಮಾಡಿಕೊ. ಆ ಪ್ರಸಂಗವನ್ನು ಓಡುವಾಗ ಮಾತ್ರ ಕೇಳುವುದು. ಮನೆಯಲ್ಲಿ ಮುಂದುವರಿಸುವಂತಿಲ್ಲ. ಮುಂದೇನಾಯಿತು ತಿಳಿಯಬೇಕಾದರೆ ಶೂ ಕಟ್ಟಲೇಬೇಕು.

ಆದರೆ ರಸ್ತೆಯಲ್ಲಿ ಒಂದು ಕಿವಿ ಖಾಲಿ ಇರಲಿ. ಇದರಲ್ಲಿ ನಾನು ಕಟ್ಟುನಿಟ್ಟು. ಹಿಂದಿನಿಂದ ಬರುವ ಬೈಕು, ಬೊಗಳುವ ನಾಯಿ, ಯಾರೋ ಕೂಗಿ ಎಚ್ಚರಿಸುವುದು, ಇವೆಲ್ಲ ಕೇಳಿಸಬೇಕು. ಫುಟ್‌ಪಾತ್ ಇಲ್ಲದ ಕಡೆ ರಸ್ತೆಯ ಬಲಬದಿಯಲ್ಲಿ, ಎದುರಿನಿಂದ ಬರುವ ಗಾಡಿ ಕಾಣುವಂತೆ ಓಡು. ನಾಯಿ ಅಟ್ಟಿಸಿಕೊಂಡು ಬಂದರೆ ಓಡಬೇಡ. ನಿಂತುಬಿಡು, ಆಮೇಲೆ ನಿಧಾನವಾಗಿ ನಡೆದು ದಾಟು. ನಿನ್ನ ಅಮ್ಮನಿಗೆ ಈ ವಿಷಯದಲ್ಲಿ ಎಷ್ಟು ಆತಂಕ ಅಂತ ನಿನಗೆ ಗೊತ್ತಲ್ವಾ?

ಟ್ರೆಡ್‌ಮಿಲ್ಲಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. 1818ರಲ್ಲಿ ಇಂಗ್ಲೆಂಡಿನಲ್ಲಿ ವಿಲಿಯಂ ಕ್ಯೂಬಿಟ್ ಅನ್ನುವ ಎಂಜಿನಿಯರ್ ಕೈದಿಗಳ ದುಡಿಮೆಗೆ ಅಂತ ಮಾಡಿದ ತುಳಿಯುವ ಚಕ್ರಕ್ಕೂ ಇದೇ ಹೆಸರಿತ್ತು. ಅಲ್ಲಿ ಬೇಸರವೂ ಶಿಕ್ಷೆಯ ಭಾಗ. ಮಳೆ ಬಂದ ದಿನ ಬೇರೆ ದಾರಿ ಇಲ್ಲದಿದ್ದರೆ ಬಳಸು. ನಂಬರು ತೋರಿಸುವ ಕಡೆ ಟವೆಲ್ ಹಾಕಿ ಮುಚ್ಚು, ಆಗಾಗ ಏರು ಬದಲಿಸು, ಎದುರಿಗೆ ಕ್ರಿಕೆಟ್ ಮ್ಯಾಚ್ ಹಾಕಿಕೊ.

ಜೊತೆಗೊಬ್ಬರು ಇದ್ದರೆ ಇಷ್ಟೆಲ್ಲ ಉಪಾಯ ಬೇಕೇ ಆಗುವುದಿಲ್ಲ. ವಾರಕ್ಕೆ ಒಂದು ದಿನವಾದರೂ ಯಾರನ್ನಾದರೂ ಕಟ್ಟಿಕೊ. ನಿನ್ನ ವೇಗದವರೇ ಆಗಬೇಕಿಲ್ಲ, ಮಾತು ಹೊಂದಿದರೆ ಸಾಕು. ಬೆಳಿಗ್ಗೆ ಐದೂವರೆಗೆ ಕಬ್ಬನ್ ಪಾರ್ಕಿನ ಗೇಟಿನಲ್ಲಿ ಒಬ್ಬರು ಕಾಯುತ್ತಿದ್ದಾರೆ ಅಂದರೆ ಹಾಸಿಗೆ ತಾನಾಗಿಯೇ ಬಿಡುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಮನಸ್ಸನ್ನು ಬೇರೆ ಕಡೆಗೆ ತಿರುಗಿಸುವುದನ್ನೇ ಅಭ್ಯಾಸ ಮಾಡಿಕೊಂಡರೆ ರೇಸಿನ ದಿನ ಕಷ್ಟ. 1977ರಲ್ಲಿ ಮಾರ್ಗನ್ ಮತ್ತು ಪೊಲಾಕ್ ಅನ್ನುವ ಸಂಶೋಧಕರು ಅಮೆರಿಕದ ಶ್ರೇಷ್ಠ ಮ್ಯಾರಥಾನ್ ಓಟಗಾರರನ್ನು ಮಾತಾಡಿಸಿ ಬರೆದದ್ದಿದೆ. ಸಾಮಾನ್ಯ ಓಟಗಾರರು ಆಯಾಸ ಮರೆಯಲು ಬೇರೇನೋ ಯೋಚಿಸುತ್ತಿದ್ದರು. ಶ್ರೇಷ್ಠರು ತಮ್ಮ ಮೈಯ ಮೇಲೇ ಗಮನ ಇಟ್ಟಿರುತ್ತಿದ್ದರು. ಉಸಿರು ಹೇಗಿದೆ, ಕಾಲು ಹೇಗಿದೆ, ಎಲ್ಲಿ ಬಿಗಿಯಾಗಿದೆ ಅಂತ ಕೇಳಿಕೊಳ್ಳುತ್ತಾ ಓಡುತ್ತಿದ್ದರು.

ಅದಕ್ಕೇ ಎರಡು ನಿಧಾನದ ದಿನಗಳಲ್ಲಿ ಒಂದನ್ನು ಖಾಲಿ ಬಿಡು. ಹಾಡು ಬೇಡ, ಪ್ರಸಂಗ ಬೇಡ, ವಾಚು ಅಂಗಿಯ ತೋಳಿನ ಕೆಳಗೆ ಮುಚ್ಚಿರಲಿ. ದವಡೆ ಬಿಗಿದಿದೆಯಾ, ಸಡಿಲ ಬಿಡು. ಭುಜ ಕಿವಿಯ ಹತ್ತಿರ ಬಂದಿದೆಯಾ, ಇಳಿಸು. ಮುಷ್ಟಿ ಬಿಚ್ಚು. ಹೆಜ್ಜೆ ಸದ್ದು ಜೋರಾಗಿ ಕೇಳುತ್ತಿದೆಯಾ, ಸ್ವಲ್ಪ ಹಗುರ ಮಾಡು. ಕೀನ್ಯಾದ ಓಟಗಾರ ಎಲಿಯುಡ್ ಕಿಪ್‌ಚೋಗೆ ಅವರು ಓಡುವಾಗ ನಗುವುದನ್ನು ನೋಡಿದ್ದೀಯಲ್ಲ? 2019ರಲ್ಲಿ ವಿಯೆನ್ನಾದಲ್ಲಿ 1 ಗಂಟೆ 59 ನಿಮಿಷ 40 ಸೆಕೆಂಡಿನಲ್ಲಿ ಮ್ಯಾರಥಾನ್ ದೂರ ಮುಗಿಸಿದವರು. ನೋವಾದಾಗ ಮೈ ಸಡಿಲವಾಗಲಿ ಅಂತಲೇ ನಗುತ್ತಾರೆ. ಈ ದಿನ ಮೊದಮೊದಲು ಬೋರಾಗುತ್ತದೆ. ಆಗಲಿ. ಸ್ವಲ್ಪ ಹೊತ್ತು ಅದರ ಜೊತೆಗೇ ಓಡು. ಎಷ್ಟೋ ಸಲ ಅದು ತಾನಾಗಿಯೇ ಹೋಗುತ್ತದೆ, ಆಫೀಸಿನಲ್ಲಿ ಬಿಡಿಸಲಾಗದ ಗಂಟಿಗೆ ಅಲ್ಲೇ ದಾರಿ ಹೊಳೆಯುತ್ತದೆ. ರೇಸಿನಲ್ಲಿ ಏಳನೇ ಕಿಲೋಮೀಟರಿನಲ್ಲಿ ನಿನ್ನ ಕೈ ಹಿಡಿಯುವುದು ಈ ಖಾಲಿ ದಿನಗಳೇ.

ಏಪ್ರಿಲ್ ರೇಸಿಗಾಗಿ ಮಾತ್ರ ನಾನು ಇಷ್ಟು ಬರೆಯುತ್ತಿಲ್ಲ ಪುಟ್ಟ. ನಿನ್ನ ಅಜ್ಜನಿಗೆ ಸಕ್ಕರೆ ಕಾಯಿಲೆ ಇತ್ತು, ಅಪ್ಪನಿಗೂ ಇದೆ. ನೀನು ದಿನವಿಡೀ ಕೂತು ಮಾಡುವ ಕೆಲಸ. ಮೆಡಲ್ ತಗೊಂಡ ಮಾರನೇ ದಿನವೂ, ನಲವತ್ತು ದಾಟಿದ ಮೇಲೂ ನೀನು ಓಡುತ್ತಿರಬೇಕು ಅನ್ನುವುದು ನನ್ನ ಆಸೆ. ಬೇಸರದಿಂದ ಮಾಡಿದ್ದು ಅಷ್ಟು ವರ್ಷ ಉಳಿಯುವುದಿಲ್ಲ.

ಯುಗಾದಿಗೆ ಬರುವಾಗ ಶೂ ಮರೆಯಬೇಡ. ಹಬ್ಬದ ಮಾರನೇ ಬೆಳಿಗ್ಗೆ ಕೆರೆ ಸುತ್ತೋಣ. ಹೆಜ್ಜಾರ್ಲೆಗಳೂ ಹಾವಕ್ಕಿಗಳೂ ಇರುತ್ತವೆ, ತೋರಿಸುತ್ತೇನೆ. ನೀನು ನನ್ನ ವೇಗಕ್ಕೆ ಬರಬೇಕು, ನಿಧಾನದ ಓಟ ಅಂದರೆ ಏನು ಅಂತ ಆಗ ಗೊತ್ತಾಗುತ್ತದೆ. ಅಮ್ಮನಿಗೆ ಹಪ್ಪಳ ಕಳಿಸಿದ್ದೇನೆ, ತಲುಪಿತಾ ಕೇಳಿ ತಿಳಿಸು. ನಾಳೆ ಎಡಸುತ್ತು ಓಡಿ ಹೇಗಾಯಿತು ಅಂತಲೂ ಬರೆ.

ಇಂತಿ,
ನಿನ್ನ ದೊಡ್ಡಮ್ಮ