ಪೆನ್ ಡ್ರೈವ್ ಹೊತ್ತ ಬಸ್ಸಿಗೂ, ಕಿವಿಗೊಟ್ಟ ನಿಮಗೂ

ಕಳೆದ ಶನಿವಾರ, 2025ರ ಅಕ್ಟೋಬರ್ 11ರ ಸಂಜೆ, ರೇಡಿಯೋದಲ್ಲಿ ನಮ್ಮ ವಿಡಿಯೋ ಗೇಮ್ ಕಾರ್ಯಕ್ರಮದ ನೂರನೇ ಕಂತು ಹೋಯಿತು. ಏಳು ಗಂಟೆಗೆ ಮೈಕ್ ಆಫ್ ಮಾಡಿ ಹೊರಗೆ ಬಂದೆ. ಮೆಟ್ಟಿಲ ಮೇಲೆ ಒಂದು ಟಿಫಿನ್ ಕ್ಯಾರಿಯರ್ ಇತ್ತು. ಮುಚ್ಚಳ ತೆಗೆದರೆ ಬಿಸಿ ಬಿಸಿ ಕಡಂಬುಟ್ಟು, ನಮ್ಮ ಕಡೆಯ ಅಕ್ಕಿ ತರಿಯ ಉಂಡೆ. ಯಾರು ಇಟ್ಟು ಹೋದರು ಅಂತ ನನಗೆ ಚೆನ್ನಾಗಿ ಗೊತ್ತು. ಅವರ ವಿಷಯ ಆಮೇಲೆ ಹೇಳುತ್ತೇನೆ.

ಈ ಮಾತುಗಳನ್ನೆಲ್ಲ ಅವತ್ತು ರೇಡಿಯೋದಲ್ಲೇ ಹೇಳಬೇಕು ಅಂದುಕೊಂಡಿದ್ದೆ. ಶುರು ಮಾಡಿದೆ, ಗಂಟಲು ಕಟ್ಟಿತು. ಹಾಡು ಹಾಕಿಬಿಟ್ಟೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಮ್ಮದು ಕೊಡಗಿನ ಸುಂಟಿಕೊಪ್ಪ ಕಡೆಯ ಒಂದು ಸಣ್ಣ ಸಮುದಾಯ ರೇಡಿಯೋ. ಇಂಥ ಸ್ಟೇಷನ್ನಿಗೆ ಸಿಗುವ ಪವರ್ 100 ವ್ಯಾಟ್. ಆಂಟೆನಾ ಕಂಬ 30 ಮೀಟರ್ ದಾಟುವಂತಿಲ್ಲ. ಬಯಲು ನಾಡಿನಲ್ಲಾದರೆ ಇಷ್ಟಕ್ಕೆ ಹತ್ತು ಹದಿನೈದು ಕಿಲೋಮೀಟರ್ ಆರಾಮಾಗಿ ಕೇಳಿಸುತ್ತದೆ. ನಮ್ಮಲ್ಲಿ ಗುಡ್ಡ ಅಡ್ಡ ಬಂದರೆ ಮುಗಿಯಿತು. ಮಾದಾಪುರದ ರಸ್ತೆಯಲ್ಲಿ ಒಂದು ತಿರುವಿನಲ್ಲಿ ಮಾತು ಸ್ಪಷ್ಟ, ಮುಂದಿನ ತಿರುವಿನಲ್ಲಿ ಬರೀ ಸೊಯ್ ಅನ್ನುವ ಸದ್ದು. ಹಾಗಿದ್ದೂ ಆ ತಿರುವಿನಲ್ಲೇ ಜೀಪ್ ನಿಲ್ಲಿಸಿಕೊಂಡು ಪೂರ್ತಿ ಅರ್ಧ ಗಂಟೆ ಕೇಳಿದವರಿದ್ದಾರೆ. ಮೊದಲ ನಮಸ್ಕಾರ ಅವರಿಗೆ.

ಈ ವರ್ಷ ಮೇ ತಿಂಗಳಲ್ಲಿ ಏನಾಯಿತು ಅಂತ ನಿಮ್ಮಲ್ಲಿ ತುಂಬಾ ಜನಕ್ಕೆ ಗೊತ್ತು. 79ನೇ ಕಂತು ಮುಗಿದ ಮೂರನೇ ದಿನ ಸಂಜೆ ಸಿಡಿಲು ಬಡಿಯಿತು. ಟ್ರಾನ್ಸ್‌ಮಿಟರ್ ಸುಟ್ಟಿತು. ಕಂಬದಿಂದ ಇಳಿಯುವ ಕೇಬಲ್ ಕರಕಲಾಯಿತು. ಮಿಕ್ಸರ್‌ನಲ್ಲಿ ಒಂದೇ ಒಂದು ಲೈಟ್ ಉಳಿಯಲಿಲ್ಲ. ರಿಪೇರಿಗೆ ಬೆಂಗಳೂರಿಗೇ ಕಳಿಸಬೇಕು. ಅಷ್ಟರಲ್ಲಿ ಮಳೆಯೂ ಹಿಡಿಯಿತು. ಈ ಸಲ ಮುಂಗಾರು ಮೇ 24ಕ್ಕೇ ಕೇರಳಕ್ಕೆ ಬಂದಿತ್ತಲ್ವಾ, ನಮ್ಮ ಕಡೆ ಆಗಲೇ ಮರ ಬೀಳುವುದು, ಕರೆಂಟ್ ಹೋಗುವುದು ಎಲ್ಲಾ ಶುರು. ಒಟ್ಟು 19 ದಿನ ಸ್ಟೇಷನ್ ಮೂಕವಾಯಿತು.

ಮೂರು ಶನಿವಾರ ಹೋಗುತ್ತದೆ ಅಂತ ಲೆಕ್ಕ ಹಾಕಿ ಸುಮ್ನೆ ಕೂತಿದ್ದೆ. ಆಗ ಖಾಸಗಿ ಬಸ್ಸಿನ ಡ್ರೈವರ್ ಒಬ್ಬರು ಸ್ಟೇಷನ್ ಬಾಗಿಲಿಗೆ ಬಂದರು. 'ಎಂತ, ಈ ವಾರ ಇಲ್ವಾ? ಪೆನ್ ಡ್ರೈವ್‌ಗೆ ಹಾಕಿ ಕೊಡಿ, ನಾನು ಬಸ್ಸಲ್ಲಿ ಹಾಕ್ತೇನೆ' ಅಂದರು. ಅಷ್ಟೇ ಹೇಳಿದ್ದು. ಫೋನಿನಲ್ಲೇ ರೆಕಾರ್ಡ್ ಮಾಡಿ ಕೊಟ್ಟೆವು. ಶನಿವಾರ ಸಂಜೆಯ ಟ್ರಿಪ್‌ನಲ್ಲಿ ನಮ್ಮ 80ನೇ ಕಂತು ಬಸ್ಸಿನ ಸ್ಪೀಕರಿನಲ್ಲಿ ಹೋಯಿತು. ಮರುದಿನ ಒಂದು ಚಹಾ ಅಂಗಡಿಯವರು ಕಾಪಿ ಮಾಡಿಕೊಂಡರು. ಅಲ್ಲಿಂದ ಒಂದು ಮೊಬೈಲ್ ಅಂಗಡಿಗೆ, ಅಲ್ಲಿಂದ ಇನ್ಯಾರದೋ ಜೀಪಿಗೆ. ಮೂರನೇ ವಾರದ ಹೊತ್ತಿಗೆ ನಮ್ಮ ಕಾರ್ಯಕ್ರಮ ಗುಡ್ಡದ ಆಚೆಗೂ ಮುಟ್ಟಿತ್ತು. ಕಂಬ ನೆಟ್ಟಗಿದ್ದಾಗ ಯಾವತ್ತೂ ಮುಟ್ಟದ ಊರುಗಳು ಅವು.

ಇದನ್ನು ನೋಡುವಾಗ ನನಗೆ ಬೆಲ್‌ಗ್ರೇಡ್‌ನ ಕಥೆ ನೆನಪಾಗುತ್ತಿತ್ತು. ಅದನ್ನು ಒಂದು ಕಂತಿನಲ್ಲಿ ಹೇಳಿದ್ದೆ. ಆಗಿನ ಯುಗೊಸ್ಲಾವಿಯಾದಲ್ಲಿ 1983ರ ಸುಮಾರಿಗೆ ಜೋರಾನ್ ಮೋಡ್ಲಿ ಅನ್ನುವವರು ತಮ್ಮ ರೇಡಿಯೋ ಕಾರ್ಯಕ್ರಮದಲ್ಲಿ ಕಂಪ್ಯೂಟರ್ ಗೇಮುಗಳನ್ನೇ ಪ್ರಸಾರ ಮಾಡುತ್ತಿದ್ದರು. ಆಗ ಗೇಮ್ ಬರುತ್ತಿದ್ದದ್ದು ಕ್ಯಾಸೆಟ್ಟಿನಲ್ಲಿ. ಆ ಕ್ಯಾಸೆಟ್ಟಿನ ಕಿರ್ರೋ ಅನ್ನುವ ಸದ್ದನ್ನು ಅವರು ಹಾಗೇ ಗಾಳಿಗೆ ಬಿಡುತ್ತಿದ್ದರು. ಮನೆಯಲ್ಲಿ ಹುಡುಗರು ಟೇಪ್ ರೆಕಾರ್ಡರ್ ಹಚ್ಚಿ ಅದನ್ನು ಹಿಡಿದುಕೊಂಡು ಕಂಪ್ಯೂಟರಿಗೆ ಹಾಕಿದರೆ ಗೇಮ್ ರೆಡಿ. ಅಲ್ಲಿ ರೇಡಿಯೋ ಗೇಮನ್ನು ಮನೆಗೆ ಮುಟ್ಟಿಸಿತು. ಇಲ್ಲಿ ನೀವು ರೇಡಿಯೋವನ್ನೇ ಜೇಬಲ್ಲಿಟ್ಟುಕೊಂಡು ಊರೂರು ಮುಟ್ಟಿಸಿದಿರಿ.

ಡ್ರೈವರಣ್ಣ, ನೀವು ಹೆಸರು ಹಾಕಬೇಡ ಅಂದಿರಿ. ಹಾಕಿಲ್ಲ. ಆದರೆ ಆ ಪೆನ್ ಡ್ರೈವ್ ಇವತ್ತಿಗೂ ನನ್ನ ಡ್ರಾಯರಿನಲ್ಲಿದೆ.

ಕೇಬಲ್ ಎಳೆದವರು ಮರಗಸಿ ಮಾಡುವ, ಅಂದರೆ ತೋಟದ ನೆರಳು ಮರಗಳ ಕೊಂಬೆ ಕಡಿಯುವ ಇಬ್ಬರು ಅಣ್ಣಂದಿರು. ಸಿಲ್ವರ್ ಓಕ್ ಮರ ಹತ್ತಿ ಅಭ್ಯಾಸ ಇದ್ದವರು. ಮಳೆ ಅರ್ಧ ಗಂಟೆ ಬಿಟ್ಟಿತ್ತು, ಅಷ್ಟರಲ್ಲೇ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಕಂಬ ಹತ್ತಿಳಿದರು. ಕೂಲಿ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಒಬ್ಬ ನಿವೃತ್ತ ಸುಬೇದಾರರು ತಮ್ಮ ಮನೆಯ ಇನ್ವರ್ಟರನ್ನೇ ಬಿಚ್ಚಿ ತಂದು ಕೊಟ್ಟರು. 'ಮಳೆಗಾಲ ಮುಗಿಯಲಿ, ಆಮೇಲೆ ನೋಡುವ' ಅಂದರು. ಅದೇ ಮಳೆಗಾಲದಲ್ಲಿ ಅವರ ಮನೆಯಲ್ಲಿ ಎಷ್ಟು ರಾತ್ರಿ ಮೇಣದಬತ್ತಿ ಹಚ್ಚಿದರೋ. ಚಹಾ ಅಂಗಡಿಗಳಲ್ಲಿ ಬಿಸ್ಕೆಟ್ ಡಬ್ಬಿ ಇಟ್ಟು ಹತ್ತು, ಇಪ್ಪತ್ತು ರೂಪಾಯಿ ಹಾಕಿದವರಿದ್ದೀರಿ. ಒಂದು ಡಬ್ಬಿಯಲ್ಲಿ ಮಕ್ಕಳು ಹಾಕಿದ ಒಂದು ರೂಪಾಯಿ ನಾಣ್ಯಗಳೇ ಜಾಸ್ತಿ ಇದ್ದವು. ಅದನ್ನು ಎಣಿಸಿದ ಸಂಜೆಯನ್ನು ನಾನು ಮರೆಯಲಾರೆ.

ಈಗ ಕಡಂಬುಟ್ಟಿನ ವಿಷಯ.

2023ರ ನವೆಂಬರ್‌ನಲ್ಲಿ ಕಾರ್ಯಕ್ರಮ ಶುರು ಮಾಡುವಾಗ ನಮ್ಮ ಸ್ಟೇಷನ್ನಿನ ಮೇಡಂ ಕೇಳಿದ್ದು ಒಂದೇ ಪ್ರಶ್ನೆ. 'ವಿಡಿಯೋ ಇಲ್ಲದೆ ವಿಡಿಯೋ ಗೇಮ್ ಹೇಗೆ ಹೇಳ್ತೀಯಾ?' ನನ್ನ ಹತ್ತಿರ ಉತ್ತರ ಇರಲಿಲ್ಲ. ಆದರೂ ಅವರು ಅರ್ಧ ಗಂಟೆ ಕೊಟ್ಟರು. ಮೂರನೇ ಕಂತಿನಲ್ಲಿ 'ವೆಂಬಾ' ಅನ್ನುವ ಗೇಮ್ ಬಗ್ಗೆ ಮಾತಾಡಿದೆವು. ಅದೇ ವರ್ಷ ಬಂದಿದ್ದು. ತಮಿಳುನಾಡಿನಿಂದ ಕೆನಡಾಕ್ಕೆ ಹೋದ ಒಂದು ಸಂಸಾರದ ಕಥೆ. ಅಮ್ಮನ ಹಳೇ ಅಡುಗೆ ಪುಸ್ತಕ ಹರಿದಿರುತ್ತದೆ, ಅಕ್ಷರ ಅಳಿಸಿರುತ್ತದೆ. ಇಡ್ಲಿ ತಟ್ಟೆ ಯಾವ ಕ್ರಮದಲ್ಲಿ ಜೋಡಿಸಬೇಕು ಅನ್ನುವುದನ್ನೂ ಆಡುವವರೇ ಯೋಚಿಸಿ ಕಂಡುಹಿಡಿಯಬೇಕು. ಆ ಸಂಸಾರದ ಮಗ ದೊಡ್ಡವನಾದ ಮೇಲೆ ತಮಿಳು ಓದಲು ತಡವರಿಸುವ ಭಾಗ ಬರುತ್ತದೆ. ಅದನ್ನು ಹೇಳುವಾಗ ನಮ್ಮ ಸ್ಟುಡಿಯೋ ಗಪ್‌ಚುಪ್.

ಅವತ್ತು ರಾತ್ರಿ ಒಬ್ಬ ಅಜ್ಜಿ ಫೋನ್ ಮಾಡಿದರು. ಅವರ ಮೊಮ್ಮಗಳು ದೂರದ ದೇಶದಲ್ಲಿದ್ದಾಳೆ, ಅವಳಿಗೆ ಕಡಂಬುಟ್ಟು ಮಾಡಲು ಬರುವುದಿಲ್ಲ. 'ನಾನು ಹೇಳ್ತೇನೆ, ನೀನು ರೆಕಾರ್ಡ್ ಮಾಡಿ ಕಳಿಸು' ಅಂದರು. ಅಕ್ಕಿ ತರಿ ಎಷ್ಟು ಸಣ್ಣ ಇರಬೇಕು, ಬೆಂದದ್ದು ಹೇಗೆ ಗೊತ್ತಾಗುತ್ತದೆ, ಎಲ್ಲ ಹೇಳಿದರು. ಮುಂದಿನ ವಾರ ಅದನ್ನೇ ಪ್ರಸಾರ ಮಾಡಿದೆವು. ಶನಿವಾರ ಮೆಟ್ಟಿಲ ಮೇಲಿದ್ದದ್ದು ಅವರ ಕ್ಯಾರಿಯರ್. ಅಜ್ಜಿ, ತೊಳೆದು ಇಟ್ಟಿದ್ದೇನೆ. ಖಾಲಿ ಪಾತ್ರೆ ಕೊಡಬಾರದು ಅಂತಾರೆ, ಅದಕ್ಕೆ ತೋಟದ ಕಿತ್ತಳೆ ಹಾಕಿ ತರುತ್ತೇನೆ.

'ಸ್ಟಾರ್‌ಡ್ಯೂ ವ್ಯಾಲಿ' ಕಂತು ನೆನಪಿದೆಯಾ? ಎರಿಕ್ ಬರೋನ್ ಅನ್ನುವ ಒಬ್ಬರೇ ನಾಲ್ಕು ವರ್ಷಕ್ಕೂ ಜಾಸ್ತಿ ಕೂತು ಮಾಡಿ 2016ರಲ್ಲಿ ಹೊರತಂದ ಕೃಷಿ ಗೇಮ್. ಅದರಲ್ಲಿ ಕಾಫಿ ಬೀಜ ಬಿತ್ತಿದರೆ ಹತ್ತೇ ದಿನಕ್ಕೆ ಫಸಲು. ಆಮೇಲೆ ಎರಡು ದಿನಕ್ಕೊಮ್ಮೆ ಕೊಯ್ಲು. ಇಷ್ಟು ಹೇಳಿದ್ದೇ ತಡ, ಫೋನ್ ಮೇಲೆ ಫೋನ್. ಗಿಡ ನೆಟ್ಟು ಮೂರ್ನಾಲ್ಕು ವರ್ಷ ಕಾದವರು, ಫೆಬ್ರವರಿ ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆಗೆ ಆಕಾಶ ನೋಡಿದವರು ನೀವು. ಒಬ್ಬ ಬೆಳೆಗಾರರು 'ಹೂಮಳೆ ಇಲ್ಲದ ಕಾಫಿ ಎಂಥದ್ದು?' ಅಂತ ಕೇಳಿದರು. ಆಮೇಲೆ ಅವರೇ ಹೂಮಳೆ ಬಿದ್ದ ಒಂಬತ್ತನೇ ದಿನವೋ ಹತ್ತನೇ ದಿನವೋ, ಹೂ ಅರಳಿದ ಹೊತ್ತಿಗೇ ಮತ್ತೆ ಮಳೆ ಸುರಿದು ಬೆಳೆಯೆಲ್ಲ ಹೋದ ವರ್ಷದ ಕಥೆ ಹೇಳಿದರು. ಗೇಮ್ ವಿಮರ್ಶೆ ಅಂತ ಶುರುವಾಗಿದ್ದು ಎಲ್ಲಿಗೆ ಹೋಯಿತು ನೋಡಿ. ನನಗೆ ಈಗಲೂ ಅದೇ ನಮ್ಮ ಅತ್ಯುತ್ತಮ ಕಂತು.

'ಕಾಂಟ್ರಾ' ಅನ್ನುವ ಹಳೇ ಗೇಮಿನಲ್ಲಿ ಮೂವತ್ತು ಲೈಫ್ ಕೊಡುವ ಕೋಡ್ ಅನ್ನು ಫೋನಿನಲ್ಲಿ ಒಂದೇ ಉಸಿರಿಗೆ ಹೇಳಿದ ಕುಶಾಲನಗರದ ಅಂಗಡಿಯವರಿಗೂ, 'ಜಿಟಿಎ 6' ಗೇಮ್ ಯಾವಾಗ ಅಂತ ಪ್ರತೀ ವಾರ ಕೇಳುವ ಹೈಸ್ಕೂಲ್ ಹುಡುಗರಿಗೂ ಥ್ಯಾಂಕ್ಸ್. ಕೇಳ್ತಾ ಇರಿ.

ಒಬ್ಬ ತಾಯಿಗೆ ವಿಶೇಷವಾಗಿ ಹೇಳಬೇಕು. ಎಸ್ಟೇಟಿನ ಕಾರ್ಮಿಕರ ಲೈನ್‌ಮನೆಯಿಂದ ಫೋನ್ ಮಾಡಿದವರು. ಆಗಸ್ಟ್‌ನಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಸಂಸತ್ತಿನಲ್ಲಿ ಪಾಸಾಯಿತು. 22ನೇ ತಾರೀಕು ರಾಷ್ಟ್ರಪತಿಗಳ ಸಹಿ ಬಿತ್ತು. ಮರುದಿನ ನಮ್ಮ 93ನೇ ಕಂತು. ಅವರ ಮಗ ಅಂಥದ್ದೇ ಆಟದಲ್ಲಿ ದುಡ್ಡು ಕಳೆದಿದ್ದ. ಅವರಿಗೆ ದುಡ್ಡಿನದಕ್ಕಿಂತ ಬೇರೆಯೇ ಭಯ. 'ನನ್ನ ಮಗನನ್ನ ಪೊಲೀಸ್ ಹಿಡೀತಾರಾ?' ಅಂದರು. ಆ ಕಾನೂನಿನ ಶಿಕ್ಷೆ ಇರುವುದು ಆಟ ನಡೆಸುವವರಿಗೆ, ಜಾಹೀರಾತು ಕೊಡುವವರಿಗೆ, ಹಣದ ವ್ಯವಹಾರ ಮಾಡಿಕೊಡುವವರಿಗೆ. ಸುಮ್ನೆ ಆಡಿ ದುಡ್ಡು ಕಳೆದುಕೊಂಡವರಿಗೆ ಅಲ್ಲ. ಅದನ್ನು ಹೇಳಿದಾಗ ಅವರು ಬಿಟ್ಟ ಉಸಿರು ಫೋನಿನಲ್ಲಿ ನನಗೆ ಕೇಳಿಸಿತು. ಅಮ್ಮ, ನೀವು ಕೇಳಿದ್ದರಿಂದ ಆ ಭಯ ಇಟ್ಟುಕೊಂಡಿದ್ದ ಇನ್ನೂ ಎಷ್ಟೋ ಮನೆಗಳಿಗೆ ಉತ್ತರ ಸಿಕ್ಕಿತು. ಆ ವಾರ ಬಂದ ಫೋನುಗಳೇ ಅದಕ್ಕೆ ಸಾಕ್ಷಿ.

ಕೊನೆಗೆ ಉಳಿಸಿಕೊಂಡದ್ದು ನನ್ನ ಗೆಳೆಯನ ಮಾತು. ಅವನಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ನಮ್ಮ ಪರಿಚಯವಾಗಿದ್ದೇ ಅವನ ಒಂದು ಫೋನಿನಿಂದ. ಆ ವಾರ 'ಫೋರ್ಜಾ ಮೋಟಾರ್‌ಸ್ಪೋರ್ಟ್' ಅನ್ನುವ ಕಾರ್ ರೇಸ್ ಗೇಮ್ ಬಗ್ಗೆ ಹತ್ತು ನಿಮಿಷ ಮಾತಾಡಿದ್ದೆ. ಕಾರಿನ ಹೊಳಪು, ಒದ್ದೆ ರಸ್ತೆಯ ಮೇಲಿನ ಬೆಳಕು, ಹೀಗೆ. ಅವನು ಸಮಾಧಾನದಿಂದ ಕೇಳಿದ: 'ಅದರ ಸದ್ದು ಹೇಗಿದೆ? ಕಣ್ಣು ಕಾಣದವರೂ ಓಡಿಸಬಹುದು ಅಂತ ಕೇಳಿದ್ದೇನೆ, ನಿಜಾನಾ?'

ನಿಜ. 2023ರಲ್ಲಿ ಬಂದ ಆ ಗೇಮಿನಲ್ಲಿ ತಿರುವು ಯಾವಾಗ, ರಸ್ತೆಯ ಅಂಚು ಎಲ್ಲಿ, ಬ್ರೇಕ್ ಯಾವಾಗ, ಎಲ್ಲಕ್ಕೂ ಬೇರೆ ಬೇರೆ ಸದ್ದು ಹಾಕಿಕೊಳ್ಳಬಹುದು. ನಾನು ಆ ಸೆಟ್ಟಿಂಗ್ ತೆರೆದೇ ನೋಡಿರಲಿಲ್ಲ. ಮುಂದಿನ ವಾರ ಅವನು ಸ್ಟೇಷನ್ನಿಗೆ ಬಂದ. ಹೆಡ್‌ಫೋನ್ ಹಾಕಿ ಆಡಿದ. ಐದನೇ ಸುತ್ತಿಗೆ ಒಂದು ತಿರುವನ್ನು ಸಲೀಸಾಗಿ ದಾಟಿದ. ನಾನು ಕುರ್ಚಿಯಿಂದ ಎದ್ದು ಕೂಗಿದ್ದೇನೆ, ಅದು ರೆಕಾರ್ಡಿಂಗಿನಲ್ಲೂ ಇದೆ.

ಮೇಡಂ ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಅವತ್ತು. ಅಲ್ಲಿಂದ ಮುಂದೆ ನಮ್ಮ ಪ್ರತೀ ವಿಮರ್ಶೆ ಸದ್ದಿನಿಂದಲೇ ಶುರು. ಹೆಜ್ಜೆ ಸಪ್ಪಳ ಹೇಗಿದೆ, ಮಳೆ ಹೇಗೆ ಬೀಳುತ್ತದೆ, ಬಾಗಿಲು ಯಾವ ಕಡೆಯಿಂದ ತೆರೆಯಿತು. 1997ರಲ್ಲೇ ಜಪಾನಿನ ಕೆಂಜಿ ಇನೊ ಚಿತ್ರವೇ ಇಲ್ಲದ, ಬರೀ ಸದ್ದಿನ ಗೇಮ್ ಮಾಡಿದ್ದರು ಅಂತ ನನಗೆ ಹೇಳಿದವನೂ ಅವನೇ. 'ದಿ ವೇಲ್' ಗೇಮಿನ ವಿಮರ್ಶೆ ಪೂರ್ತಿ ಅವನದ್ದು. ಕಣ್ಣು ಕಾಣದ ಒಬ್ಬ ರಾಜಕುಮಾರಿಯ ಕಥೆ ಅದು. ಕತ್ತಿ ಎಡದಿಂದ ಬಂತೋ ಬಲದಿಂದ ಬಂತೋ ಕಿವಿಯಲ್ಲೇ ತಿಳಿದು ತಡೆಯಬೇಕು. ನಿಮ್ಮ ರೇಡಿಯೋಗೆ ಇರುವುದು ಒಂದೇ ಸ್ಪೀಕರ್ ಅಲ್ವಾ, ಎಡ ಬಲ ಗೊತ್ತಾಗುವುದಿಲ್ಲ. ಅದಕ್ಕೆ ಅವನು ಎಡಗಡೆಯ ಏಟಿಗೆ ಮೇಜು ಕುಟ್ಟಿದ, ಬಲಗಡೆಯದಕ್ಕೆ ಸ್ಟೀಲ್ ಲೋಟ ತಟ್ಟಿದ. ಆ ರಾತ್ರಿ ಎಷ್ಟು ಮನೆಗಳಲ್ಲಿ ಲೋಟ ತಟ್ಟುತ್ತಾ ಮಕ್ಕಳು ಆಡಿದರು ಅಂತ ನೀವೇ ಬರೆದು ತಿಳಿಸಿದಿರಿ. ಆ ಪೋಸ್ಟ್ ಕಾರ್ಡುಗಳು ಸ್ಟುಡಿಯೋ ಗೋಡೆಯ ಮೇಲಿವೆ.

101ನೇ ಕಂತಿನಿಂದ ಅವನು ಅತಿಥಿ ಅಲ್ಲ. ಮೈಕ್ ಎರಡಾಗಿದೆ, ಕುರ್ಚಿಯೂ ಎರಡಾಗಿದೆ. ಶನಿವಾರ ಆರೂವರೆಗೆ ಮೊದಲ ಮಾತು ಅವನದ್ದೇ. ಬಸ್ಸಿನಲ್ಲಿ ಕೇಳುವವರಿಗೆ ಭಾನುವಾರ ಬೆಳಿಗ್ಗೆ ಪೆನ್ ಡ್ರೈವ್ ಕೊಡುತ್ತೇವೆ, ಅದನ್ನು ನಿಲ್ಲಿಸಿಲ್ಲ.