ಸಿಕ್ಕಿದ ಗ್ರಹವೆಲ್ಲ ‘ಇನ್ನೊಂದು ಭೂಮಿ’ ಅಲ್ಲ

ಮಾನ್ಯ ಸಂಪಾದಕರೇ,

ಬೇರೆ ನಕ್ಷತ್ರದ ಸುತ್ತ ಗ್ರಹ ಸಿಕ್ತು ಅಂದ ಕೂಡ್ಲೆ ‘ಇನ್ನೊಂದು ಭೂಮಿ ಪತ್ತೆ’ ಅಂತ ದಪ್ಪಕ್ಷರದಲ್ಲಿ ಹಾಕ್ತೀರ, ಪಕ್ಕದಲ್ಲಿ ನೀಲಿ ಸಮುದ್ರ, ಬಿಳಿ ಮೋಡ ಇರೋ ಚಿತ್ರ. ಮಕ್ಕಳು ಅದನ್ನ ಫೋಟೋ ಅಂತಲೇ ನಂಬ್ತಾರೆ. ಇದರಿಂದ ನಂಗೆ ತುಂಬಾ ಬೇಜಾರಾಗುತ್ತೆ, ಯಾಕಂದ್ರೆ ನಿಜವಾದ ಸಂಗತಿ ಇದಕ್ಕಿಂತ ಎಷ್ಟೋ ಚೆನ್ನಾಗಿರುತ್ತೆ.

16 ಸಿಗ್ನಿ ಬಿ ನಕ್ಷತ್ರನೇ ತಗೊಳ್ಳಿ. ರಾಜಹಂಸ ನಕ್ಷತ್ರಪುಂಜದಲ್ಲಿದೆ, ಸುಮಾರು 69 ಜ್ಯೋತಿರ್ವರ್ಷ ದೂರ, ನಮ್ಮ ಸೂರ್ಯನ ಥರದ್ದೇ ಆದ್ರೆ ವಯಸ್ಸಲ್ಲಿ ಹಿರಿದು, ಹತ್ತತ್ರ 700 ಕೋಟಿ ವರ್ಷ. ಅದಕ್ಕೊಂದು ಜೋಡಿ ಇದೆ, 16 ಸಿಗ್ನಿ ಎ. ಬರಿಗಣ್ಣಿಗೆ ಕಾಣೋದು ಕಷ್ಟ, ಸಣ್ಣ ಟೆಲಿಸ್ಕೋಪಲ್ಲಿ ನಾನು ನೋಡಿದೀನಿ, ಅಕ್ಕಪಕ್ಕ ಎರಡು ತಿಳಿಹಳದಿ ಚುಕ್ಕಿ, ಯಾವುದು ಜಾಸ್ತಿ ಹೊಳೀತಿದೆ ಅಂತ ಹೇಳೋಕೆ ಸ್ವಲ್ಪ ಹೊತ್ತು ನೋಡ್ತಾ ಇರಬೇಕು.

ಬಿ ಸುತ್ತ ಇರೋ ಗ್ರಹನ 1996ರಲ್ಲಿ ಟೆಕ್ಸಾಸ್‌ನ ಮೆಕ್‌ಡೊನಾಲ್ಡ್, ಕ್ಯಾಲಿಫೋರ್ನಿಯಾದ ಲಿಕ್ ವೀಕ್ಷಣಾಲಯಗಳಲ್ಲಿ ಕೆಲಸ ಮಾಡ್ತಿದ್ದ ಎರಡು ತಂಡಗಳು ಬೇರೆ ಬೇರೆಯಾಗೇ ಪತ್ತೆ ಮಾಡಿದ್ರು. ಗ್ರಹ ಅವರ ಕಣ್ಣಿಗೆ ಬೀಳಲೇ ಇಲ್ಲ! ಅದರ ಸೆಳೆತಕ್ಕೆ ನಕ್ಷತ್ರ ಸೆಕೆಂಡಿಗೆ ಸುಮಾರು 50 ಮೀಟರ್ ವೇಗದಲ್ಲಿ ನಮ್ಮ ಕಡೆಗೊಮ್ಮೆ ಆಚೆಗೊಮ್ಮೆ ಓಲಾಡುತ್ತೆ, ಆಗ ಬೆಳಕು ಒಂಚೂರು ನೀಲಿ ಕಡೆಗೆ, ಒಂಚೂರು ಕೆಂಪು ಕಡೆಗೆ ಜರುಗುತ್ತೆ, ಅದನ್ನ ವರ್ಷಗಟ್ಟಲೆ ಅಳೆದು ಅಳೆದು ಕಂಡ್ಕೊಂಡಿದ್ದು.

ಈ ಗ್ರಹದ ತೂಕ ನಮ್ಮ ಗುರು ಗ್ರಹದ ಒಂದೂವರೆ ಪಟ್ಟಿಗಿಂತ ಜಾಸ್ತಿ, ಒಂದು ಸುತ್ತಿಗೆ ಸುಮಾರು 800 ದಿನ. ದಾರಿ ಮಾತ್ರ ದುಂಡಗಿಲ್ಲ, ಎಳೆದು ಉದ್ದ ಮಾಡಿದ ಹಾಗಿದೆ. ನಮ್ಮ ಸೌರಮಂಡಲದಲ್ಲಿ ಇದ್ದಿದ್ರೆ ಒಮ್ಮೆ ಶುಕ್ರನಿಗಿಂತ ಒಳಗೆ ಬಂದು, ಆಮೇಲೆ ಮಂಗಳನ್ನೂ ದಾಟಿ ಕ್ಷುದ್ರಗ್ರಹಗಳ ಹತ್ರ ಹೋಗಿಬರ್ತಿತ್ತು. ಆ ಜೋಡಿ ನಕ್ಷತ್ರವೇ ಕೋಟ್ಯಂತರ ವರ್ಷ ನಿಧಾನಕ್ಕೆ ಎಳೆದೆಳೆದು ದಾರಿನ ಹೀಗೆ ಮಾಡಿರಬಹುದು ಅಂತ ಹಲವು ವಿಜ್ಞಾನಿಗಳ ಲೆಕ್ಕ. ನಂಗಂತೂ ನೀಲಿ ಸಮುದ್ರದ ಚಿತ್ರಕ್ಕಿಂತ ಈ ಎಳೆದಾಟವೇ ಮೈ ಜುಮ್ಮೆನ್ನಿಸುತ್ತೆ.

ಮುಂದಿನ ಸಲ ಇಂಥ ಸುದ್ದಿ ಬಂದಾಗ ಆ ಬಣ್ಣದ ಚಿತ್ರದ ಕೆಳಗೆ ‘ಕಲಾವಿದರ ಕಲ್ಪನೆ’ ಅಂತ ಎರಡು ಪದ ಹಾಕಿ, ಗ್ರಹ ಎಷ್ಟು ತೂಕ, ಹೇಗೆ ಸಿಕ್ತು ಅಂತ ಬರೀರಿ, ಜಾಗ ಇದ್ರೆ ಅದು ಸುತ್ತೋ ದಾರಿಯ ಒಂದು ಗೆರೆಚಿತ್ರನೂ ಹಾಕಿ.

– ನಿಮ್ಮ ಓದುಗ